ಪುಡಿಕಿ

ಮುಂಜಾನೆ ಒರೆಸಿದ ಕಿಡಕಿ ಹಲಗಿ
ಮಧ್ಯಾಹ್ನಕ್ಕ ಮತ್ತ ಕರ್ರಗ.
ಈ ವಾಸ್ಕೋಕ್ಕ ಬಂದು ಹನ್ನೊಂದು ವರ್ಷ ಆತು,
ಬಿಳಿ ಅರಿವಿ ಒಂದೂ ತಗೊಂಡಿಲ್ಲ.
ಬಂದರದಾಗ ಹಡಗ ನಿಂತ ದಿನ
ರೊಟ್ಟಿ ಬುಟ್ಟಿ ಮ್ಯಾಲ ಎರಡೆರಡು ಮುಚ್ಚತೀನಿ,
ಆದರೂ ಹಲ್ಲಿನಾಗ ಕರಕರ.

ಮೀನ ಮಾರೋ ಲೊರ್ದಿನ್ ಬಾಯಿ ಹೊಸ್ತಿಲದಾಗ ಕುಂತು
ಅರ್ಧ ಕೊಂಕಣಿ, ಅರ್ಧ ಹಿಂದಿ, ಉಳಿದದ್ದು ಕೈಸನ್ನಿ:
ಒರೆಸಿದ್ದು ಚೆಲ್ಲಬ್ಯಾಡ, ಕೂಡಿಸಿಡು.
ಎಷ್ಟು ಬೀಳತೈತಿ ಅಂತ ಕೇಳತಾರ ಅವರು,
ಇಗಾ ಇಷ್ಟು, ಅನ್ನಬೇಕು.

ಗದಗಿಂದ ನಮ್ಮಣ್ಣ ತಂದ ಕ್ಯಾಲೆಂಡರ,
ದಿನಕ್ಕೊಂದು ಹಾಳಿ ಹರಿಯೂದು.
ಆ ದಿನದ ಹಾಳ್ಯಾಗ ಆ ದಿನದ ಧೂಳ.
ಏಕಾದಶಿ ಧೂಳ, ಸಂಕಷ್ಟಿ ಧೂಳ,
ಅಮಾಸಿದು ಮತ್ತೂ ಜಾಸ್ತಿ, ಎರಡು ಹಡಗ ಇದ್ದೂ ಅವತ್ತು.
ರಾಹುಕಾಲ ಬರದ ಕಡೆ ಮಡಿಚಿ, ದಾರ ಸುತ್ತಿ
ಅಕ್ಕಿ ಡಬ್ಬಿ ಹಿಂದ.

ಯಮನೂರಪ್ಪ ನೋಡಿದ.
ಅಂವ ಅದೇ ಬಂದರದಾಗ ಬೆಲ್ಟಿನ ಕೆಳಗ ಬಿದ್ದ ಕಲ್ಲಿದ್ದಲ
ಸಲಿಕಿಲೆ ಎತ್ತಿ ಹಾಕಾಂವ.
"ಅದು ನನ್ನ ಪಗಾರ, ಫಕೀರವ್ವ.
ನನ್ನ ಪಗಾರ ಪುಡಿಕಿ ಕಟ್ಟಿ ಸರ್ಕಾರಕ್ಕ ಕೊಡತಿ?"
ನಾ ಏನೂ ಅನ್ನಲಿಲ್ಲ.
ಒಳಗ ಕಸ್ತೂರಿ ಪಂಪು ಬಾಯಾಗಿಟ್ಟು ಎಣಿಸತಿದ್ದಳು
ಒಂದು, ಎರಡು, ಮೂರು,
ಹಿಡಿ, ಬಿಡು.
ಅಂವ ಕೈಯಾನ ಚಾ ಆರೂತನ ನಿಂತ.

ಇಗರ್ಜಿ ಹಿಂದಿನ ಅಂಗಳದಾಗ ಸಭಾ.
ಈ ಘಾಟಿಗಳು ಯಾಕ ಬಂದಾರ ಇಲ್ಲಿ, ಅಂದ ಒಬ್ಬಾಂವ.
ಲೊರ್ದಿನ್ ಬಾಯಿ ಬುಟ್ಟಿ ಕೆಳಗಿಟ್ಟಳು.
ಏನಂದಳೋ ತಿಳೀಲಿಲ್ಲ, ಭಾಳ ಜೋರಿತ್ತು.
ಅಂವ ಕುಂತ.
ಆಮ್ಯಾಲ ನನಗೊಂದು ಕುರ್ಚಿ ಬಂತು,
ಒಂದು ಕಾಲು ಅಲ್ಲಾಡೂದು, ಆದರೂ ಕುರ್ಚಿ.

ಅಹವಾಲಿನ ದಿನ ಹಾಲಿನ ತುಂಬ ಪೊಲೀಸರು.
ಕಂಪನಿಯವರು ಗ್ವಾಡಿ ಮ್ಯಾಲ ಚಿತ್ರ ಬಿಟ್ಟರು:
ಹಸರ ಗಿಡ, ನೀಲಿ ನೀರು, ಒಂದು ಬೆಳ್ಳಕ್ಕಿ.
ನನ್ನ ಪಾಳಿ ನೂರಾ ಹನ್ನೆರಡು. ಹೊತ್ತು ಮುಣಗಿತ್ತು.
"ಯಾವ ಊರು ನಿಂದು?"
ಶಿರಹಟ್ಟಿ ಕಡೆ, ಅಂದೆ.
"ಹಂಗಾದರ ಇಲ್ಲಿ..." ಅಂತ ನಿಲ್ಲಿಸಿದರು ಸಾಹೇಬರು.
ನನ್ನ ಕನ್ನಡ ಹಿಂದಿ ಮಾಡಾಕ ಕಸ್ತೂರಿ ಬಾಜೂಕ,
ಎರಡು ಮಾತಿಗೊಮ್ಮೆ ಕೆಮ್ಮು.
ಬರಕೊಳ್ಳೋ ಹುಡುಗ ಮಾತು ಬರಕೊಂಡ,
ಕೆಮ್ಮು ಬಿಟ್ಟ.

ಸೆರಗಿನ ಗಂಟು ಬಿಚ್ಚಿದೆ.
ಮೇಜಿನ ಬಿಳಿ ಅರಿವಿ ಮ್ಯಾಲ ಮೂವತ್ತೊಂದು ಪುಡಿಕಿ.
ನಾ ಸಾಲಿ ಕಲಿತಿಲ್ಲರೀ, ನಿಮ್ಮ ಮಾಪ ಗೊತ್ತಿಲ್ಲ.
ಒಂದು ಹಲಗಿ, ಎರಡು ಮೊಳ ಉದ್ದ,
ಇದು ಅದರ ಒಂದು ತಿಂಗಳ ಬೆಳಿ.

ಒಂದು ತಗೊಂಡು ಕೈಗೆ ಕೊಟ್ಟೆ, ಬನ್ನಿ ಹಬ್ಬದ್ದು.
ಊರಾಗಿದ್ದರ ಅವತ್ತು ಬನ್ನಿ ಎಲಿ ಕೊಟ್ಟು
ಬಂಗಾರದಂಗ ಇರೂಣು ಅಂತಿದ್ದೆ.
ಬಾಯಿಗೆ ಬಂದಿದ್ದನ್ನ ನುಂಗಿಕೊಂಡೆ.
ಅವರು ದಾರ ಬಿಚ್ಚಿದರು. ಮ್ಯಾಲ ಫ್ಯಾನು.
ಕಾಗದ, ಕನ್ನಡಕ, ನೀರಿನ ಗ್ಲಾಸು,
ಗ್ವಾಡಿ ಮ್ಯಾಲಿನ ಬೆಳಕಿನ ದಾರಿಯೊಳಗೂ
ಬೆಳ್ಳಕ್ಕಿ ಮುಂದ ಒಂದು ಕರೇ ಮಾಡ.
ಸಾಹೇಬರು ಕರ್ಚೀಪು ತಗದು ಮಾರಿ ಒರೆಸಿಕೊಂಡರು,
ಅದನ್ನ ನೋಡಿದರು,
ಮಡಿಚಿ ಕಿಸೆದಾಗ ಇಟ್ಟರು.
ಅಷ್ಟರ ಧೂಳ ಅವರ ಮನಿ ತನ ಹೋಗಿರಬೇಕು.

ತೀರ್ಮಾನ ಆಮ್ಯಾಲ ಅಂದಾರ.
ಹಡಗ ಮತ್ತ ನಿಂತೈತಿ.

ರಾತ್ರಿ ಯಮನೂರಪ್ಪ ಬಂದ, ಏನಾತು ಅಂತ ಕೇಳಲಿಲ್ಲ.
ಕಾಲು ತೊಳಕೊಂಡ, ಮೂಗು ಸೀಟಿದ,
ಉಂಡ, ಮಗಳ ಬೆನ್ನ ಮ್ಯಾಲ ಅಂಗೈ ಇಟ್ಟು
ಒಂದು ಗಳಿಗಿ ಅದರ ಗೊರಗೊರ ಕೇಳಿದ.
ಆಮ್ಯಾಲ ಎದ್ದು ಹೋಗಿ
ಇವತ್ತಿನ ಹಾಳಿ ಹರದ,
ಕೆಲಸದ ಅಂಗಿ ಅದರ ಮ್ಯಾಲ ಝಾಡಿಸಿ
ಮಡಚಾಕ ನೋಡಿದ. ದಪ್ಪ ಬೆರಳು, ಬರಲಿಲ್ಲ.

"ದಾರ ಎಲ್ಲಿಟ್ಟಿ?" ಅಂದ.