ಗಾಳಿಗೆ ಹಿಡಿದ ಹೆಬ್ಬೆರಳು

ಗುಳೇದಗುಡ್ಡದಾಗ ಬೆಳಕು
ಏಳೂವರಿಯಿಂದ ಎಂಟರತನಕ ಅಷ್ಟ ಖರೆ ಹೇಳತೈತಿ.
ಆಮ್ಯಾಲೆ ಕೆಂಪು ಕೇಸರಿ ಆಗತೈತಿ,
ಹಸರು ಬೆಳ್ಳಗಾಗತೈತಿ,
‘ಬ್ಯಾರೆ ಬಣ್ಣ ಕಳಸೀರಿ’ ಅಂತ ಗಿರಾಕಿ ವಾಪಸ್ ಹಾಕತಾರ.
ಅದಕ್ಕ ಆ ಅರ್ಧ ತಾಸು
ನಾನು, ಅತ್ತಿ, ಮಾಳಗಿ ಮ್ಯಾಲಿನ ಕೆಂಪು ಹಾಸಗಲ್ಲು,
ಮತ್ತ ಮೊನ್ನೆ ಮಗ್ಗದಿಂದ ಇಳಿದ ಆನೆಹೆಜ್ಜಿ ಖಣ.

ಅವತ್ತು ಗುಡ್ಡದ ಕಡಿಂದ ಗಾಳಿ.
ಖಣದ ಒಂದು ಮೂಲಿ ಏಳತಿತ್ತು, ಮಡಚತಿತ್ತು.
ಕಲ್ಲು ಇಟ್ರ ನೆಳ್ಳು ಬೀಳತೈತಿ.
‘ತಡಿ’ ಅಂತ ಅತ್ತಿ ಕುಂತಲ್ಲಿಂದನ ಕೈ ಚಾಚಿ
ಹೆಬ್ಬೆರಳಿಲೆ ಒತ್ತಿ ಹಿಡದ್ರು.
ಹದಿಮೂರು ಫೋಟೋ ತಗದೆ. ಹನ್ನೊಂದನೇದ್ದು ಚಲೋ ಬಂತು.
ಮೂಲ್ಯಾಗ ಬೆರಳಿತ್ತು. ಇರಲಿ ಬಿಡು ಅಂದೆ.
ಕೆಳಗ ಸಣ್ಣಗ ಬರದೆ:
ಬನವ್ವನ ಖಣದಂಗಡಿ.

ಎರಡು ವಾರಕ್ಕ
ತಂಗಿ ಮಗಳು ಚಂಪಾ ಇಳಕಲ್ಲಿಂದ ಫೋನ್ ಹಚ್ಚಿ
‘ದೊಡ್ಡವ್ವ, ನೂರಾ ನಲವತ್ತೊಂಬತ್ತಕ್ಕ
ಯಾವಾಗಿಂದ ಮಾರಾಕತ್ತಿ?’ ಅಂದ್ಲು.
ನೋಡಿದ್ರ ಯಾವುದೋ ಟ್ರೆಂಡ್ಸು, ಯಾವುದೋ ಫ್ಯಾಶನ್ನು,
ಏಳು ಅಂಗಡ್ಯಾಗ ನನ್ನ ಹಾಸಗಲ್ಲು,
ನನ್ನ ಏಳೂವರಿ ಬಿಸಲು.
ಹೆಸರು ಬರದ ಜಾಗಾ ಮಾತ್ರ
ಕಲ್ಲಿನ ಬಣ್ಣ ಬಳದು ಸಾರಿಸಿದ್ರು.
ಬೆರಳು ಸಾರಸಾಕ ಮರತಿದ್ರು.
ಒಬ್ಬಾಂವ ಚಿತ್ರ ತಿರುವಿ ಹಾಕಿದ್ದ.
ಅವನ ಅಂಗಡ್ಯಾಗ ಅತ್ತಿ ಎಡಚಿ.

ಸಾಂಗಲಿ ಹೆಣಮಗಳೊಬ್ಬಾಕಿ ನನಗ ಬೈದ್ಲು:
‘ಅದ ಫೋಟೋ ಅಲ್ಲಿ ಐತಿ, ದರ ನಾಕನೇ ಒಂದು ಪಾಲು.
ಕದ್ದ ಫೋಟೋ ಹಾಕಿ ಇಷ್ಟು ರೊಕ್ಕ ಕೇಳ್ತೀರಲ್ಲ,
ನಾಚಿಕಿ ಇಲ್ಲೇನ್ರಿ?’
ಬಾಯಿ ತಗದೆ. ಫೋನ್ ಇಟ್ಟಿದ್ಲು.

ತಕರಾರು ಬರದೆ. ಉತ್ತರ ಬಂತು:
ಚಿತ್ರದ ಮೂಲ ಮಾಲೀಕರು ತಾವೇ ಎಂಬುದಕ್ಕೆ
ಸೂಕ್ತ ದಾಖಲೆ ಲಗತ್ತಿಸಿ.
ಅತ್ತಿ ಬೆರಳು ಲಗತ್ತಿಸಿದೆ.
ಉಗುರಿನ ನಡುವ ಸೀಳು ನೋಡ್ರಿ,
ಲಾಳಿ ಬಡದದ್ದು, ನನ್ನ ಗಂಡ ಹುಟ್ಟಿದ ವರ್ಷ, ಅಂದೆ.
ಒಂಬತ್ತು ದಿನ ಬಿಟ್ಟು ಅಂದ್ರು:
ಒದಗಿಸಿದ ಮಾಹಿತಿ ಸಾಲದು.

ಅವತ್ತ ರೇಷನ್ ಅಂಗಡಿ.
‘ಒತ್ತ್ರಿ ಆಯಿ.’ ಒತ್ತಿದ್ರು.
‘ಒರಸಿ ಒತ್ತ್ರಿ.’ ಒರಸಿ ಒತ್ತಿದ್ರು.
‘ಬ್ಯಾರೆ ಬೆರಳು ಕೊಡ್ರಿ, ಇದರಾಗ ಗೆರೀನ ಉಳದಿಲ್ಲ.’
ಐವತ್ತು ವರ್ಷ ಕಂಡಿಕಿ ಸುತ್ತೂ ಮುಂದ
ಎಳಿ ಹಾದು ಹೋದ ದಾರಿ ಅದು,
ನುಣ್ಣಗ, ಹೊಳ್ಯಾಗಿನ ಹಳ್ಳಿನಂಗ.
ಓಣ್ಯಾಗಿನ ಮಶೀನಿಗೆ ಗುರ್ತು ಸಿಗಲಿಲ್ಲ.
ಏಳು ಅಂಗಡ್ಯಾಗ ದುಡ್ಯಾಕತ್ತಿತ್ತು.

ರಾತ್ರಿ ಎಲ್ಲಾ ಹೇಳಿದೆ.
ಅತ್ತಿ ಎಲಿಗೆ ಸುಣ್ಣ ಹಚ್ಚಿಕೋತ ಕೇಳಿದ್ರು, ನಕ್ರು.
‘ಈ ಹೆಜ್ಜಿ ನಡುವ ಮೂರು ಚುಕ್ಕಿ ಅದಾವಲ್ಲ,
ನಿಮ್ಮ ಮಾವ ಹರೇದಾಗ
ಪರಗಿ ಮಾಗುಂಡಪ್ಪನ ಮನಿ ಕಿಡಕ್ಯಾಗ ಇಣಿಕಿ ನೋಡಿ ಬಂದದ್ದು.
ಆರು ತಿಂಗಳು ಕೆಡಿಸಿ, ಬಿಚ್ಚಿ, ಕೆಡಿಸಿ,
ಉಪವಾಸ ಬಿದ್ದು ಕೂಡಿಸಿದ್ರು.
ಕಣ್ಣು ಕದ್ರ ಕೈ ದಂಡ ಕಟ್ಟಬೇಕಾಗತೈತಿ.
ಇವರದು ಯಾರ ಕೈ ಕಟ್ಟತೈತಿ?’
ನನಗ ಸಿಟ್ಟು ಬಂತು.
ಯಾರ ಮ್ಯಾಲೆ ಅಂತ ತಿಳೀಲಿಲ್ಲ.
ಮಾವನ ಫೋಟೋ ನೋಡಿದೆ, ಗ್ವಾಡಿ ಮ್ಯಾಲೆ,
ಏನೂ ಗೊತ್ತಿಲ್ಲದಂಗ ಕುಂತಿದ್ರು.

ಇವತ್ತು ಮುಂಜಾನೆ ಗಾಳಿ ಇಲ್ಲ.
ಹಿಡಿಯೂ ಜರೂರೂ ಇಲ್ಲ.
ಅತ್ತಿ ತಾವ ಮೆಟ್ಟಲ ಹತ್ತಿ ಬಂದು ಕುಂತು,
ಸೆರಗಿಗೆ ಕೈ ಒರಸಿ,
ಹೆಬ್ಬೆರಳು ಖಣದ ನಟ್ಟನಡುವ ಇಟ್ರು.
‘ಅತ್ತಿ, ಚುಕ್ಕಿ ಮುಚ್ಚತಾವ.’
‘ಮುಚ್ಚಲಿ. ಕತ್ತರಸಾಂವ
ಖಣಾನ ಕತ್ತರಸಬೇಕು. ತಗಿ.’

ಬಿಸಲು ಉಗುರಿನ ಸೀಳಿನಾಗ ಇಳದೈತಿ.
ಎಂಟಾಗಾಕ ಇನ್ನ ಆರು ನಿಮಿಷ.