ಯಾವ ಮನಿಯಾಗ

ಹಳೆ ಕ್ಯಾಲೆಂಡರಿನ ಬೆನ್ನಿಗೆ ನಾನೇ ಬರೆದದ್ದು:
ಮೂರು ಬಣ್ಣದ ಸ್ಕೆಚ್ ಪೆನ್, ಒಂದು ಮುರಿದ ಸ್ಕೇಲು.
ಪ್ರಶ್ನೆಗೆ ವಜ್ರ, ಕೆಲಸಕ್ಕೆ ಚೌಕ,
ಹೌದು ಅಂದರೆ ಕೆಳಗೆ, ಇಲ್ಲ ಅಂದರೆ ಬಲಕ್ಕೆ.
ಗುಳೇದಗುಡ್ಡದ ಹುಡುಗಿಯರಿಗೆ ಇದೇನು ಕಷ್ಟವಲ್ಲ.
ಖಣದ ಮಗ್ಗದ ರಟ್ಟಿನ ಕಾರ್ಡು ನೋಡುತ್ತ ಬೆಳೆದವರು:
ತೂತಿದ್ದಲ್ಲಿ ಎಳೆ ಏಳುತ್ತದೆ,
ಇಲ್ಲದಲ್ಲಿ ಇಲ್ಲ.

"ಕೂಸಿಗೆ ಕೆಮ್ಮು. ಮೊದಲ ಏನ್ ಮಾಡ್ತಿ, ರುಬೀನಾ?"
"ಉಸರು ಎಣಸ್ತೀನ್ರಿ ಮೇಡಂ, ಪೂರಾ ಒಂದು ನಿಮಿಷ."
"ಅರ್ಧ ನಿಮಿಷ ಎಣಿಸಿ ಎರಡರಲೆ ಗುಣಿಸಿದರ?"
"ಬೈತೀರಿ."

ಆ ರಾತ್ರಿ ಬಂದವನು ಹುಚ್ಚೇಶ, ನಾಲ್ಕು ವರ್ಷ.
ಐವತ್ತೆಂಟು.
ಅಂಗಿ ಎತ್ತಿದೆವು. ಉಸಿರೆಳೆದಾಗೊಮ್ಮೆ
ಪಕ್ಕೆಲುಬಿನ ಕೆಳಗೆ ಗುಳಿ.
ಹೌದು. ಕೆಳಗೆ. ಕೆಂಪು ಚೌಕ.
ಆಕ್ಸಿಜನ್. ಮೊದಲ ಇಂಜೆಕ್ಷನ್. ಬಾಗಲಕೋಟೆಗೆ ಕಳಿಸು.
ಆಂಬುಲೆನ್ಸು ಹೆರಿಗೆಯೊಂದನ್ನು ಹೊತ್ತು ಬಾದಾಮಿಗೆ ಹೋಗಿತ್ತು.
ಡಾಕ್ಟರ್ ಮುದಕವಿ ಫೋನು ಹಿಡಿದು ಅಂಗಳಕ್ಕಿಳಿದರು.
ನಾನು ಹೇಳಿಕೊಟ್ಟ ಬಾಣಗಳೆಲ್ಲ ಮುಗಿದಿದ್ದವು.

ಒಂದು ಕೈ ಮಗನ ಪಾದದ ಮೇಲಿಟ್ಟು
ಶಾಕಾಂಬರಿ ಗೋಡೆ ನೋಡುತ್ತಿದ್ದಳು.
ಅಕ್ಷರ ಬರುವುದಿಲ್ಲ. ಚೌಕಾಬಾರ ಬರುತ್ತದೆ.
"ಅಕ್ಕಾರ, ನನ್ನ ಮಗ ಈಗ ಯಾವ ಮನಿಯಾಗ ಅದಾನು?"

ಹದಿನೆಂಟು ವರ್ಷ ಕಲಿಸಿದ್ದೇನೆ, ಯಾರೂ ಹಾಗೆ ಕೇಳಿಲ್ಲ.
ಕೆಂಪು ಚೌಕ ತೋರಿಸಿದೆ. ಅದರ ಕೆಳಗಿನ ಬಾಣ ತೋರಿಸಿದೆ.
ಮಗ್ಗದಿಂದ ಹಾಗೇ ಎದ್ದು ಬಂದ ಬೆರಳು, ಎಣ್ಣೆಜಿಡ್ಡು ಆರಿಲ್ಲ,
ಬಾಣದ ನಟ್ಟನಡುವೆ ಊರಿದಳು.
"ಇಲ್ಲಿ."
ಗಾಡಿ ಬರುವ ತನಕ, ಮೂವತ್ತೈದು ನಿಮಿಷ,
ಎತ್ತಲಿಲ್ಲ,
ಎತ್ತಿದರೆ ಯಾರೋ ಕಾಯಿ ಕಡಿದಾರು ಎಂಬಂತೆ.

ಹುಚ್ಚೇಶ ಉಳಿದ. ಹತ್ತನೇ ದಿನ ತೋರಿಸಲು ಬಂದು
ನನ್ನ ಟಾರ್ಚು ಕೆಡಿಸಿ ಹೋದ. ಅದು ಇರಲಿ.

ನೋಟ್‌ಬುಕ್ ತಿದ್ದುತ್ತ ಕೂತ ಮಧ್ಯಾಹ್ನ,
ರುಬೀನಾ ಎಲ್ಲ ಅಚ್ಚುಕಟ್ಟಾಗಿ ಇಳಿಸಿದ್ದಳು,
ವಜ್ರ, ಚೌಕ, ಹೌದು, ಇಲ್ಲ,
ಕೊನೆಯ ಬಾಣದ ಮೇಲೆ
ಪೆನ್ಸಿಲಿನಲ್ಲಿ ಉಜ್ಜಿ ಉಜ್ಜಿ ಮಾಡಿದ ಒಂದು ಬೂದು ಕಲೆ.
"ಇದೇನಿದು?"
"ಗ್ವಾಡಿ ಮ್ಯಾಲ ಐತಲ್ರಿ ಮೇಡಂ.
ಇದರ ಅರ್ಥ ಮಾತ್ರ ನೀವು ಹೇಳಿಲ್ಲ."

ಕೆಂಪು ಪೆನ್ನಿನ ಮುಚ್ಚಳ ತೆಗೆದವಳು
ಹಾಗೇ ಹಿಡಿದು ಕೂತೆ.