ತಲೆಭಾರ

ಗ್ರಿಮ್ಸ್‌ಬಿ ಬಂದರಿನ ಚಹಾದಂಗಡಿಯಲ್ಲಿ
ಚೀಟಿಗಳನ್ನು ಹರವಿಕೊಂಡು ಕೂತಿದ್ದೆ.
ನಿಘಂಟಿನ ಕೆಲಸ; ಈ ವಾರ ನನ್ನ ಪಾಲಿಗೆ
'ಟಾಪ್‌ಹೆವಿ' ಎಂಬ ಒಂದೇ ಪದ.

ಸಮಾನಾರ್ಥಕಗಳು ಸುಲಭ:
ವಾಲಿದ, ಓರೆಯಾದ, ತೂಕ ತಪ್ಪಿದ.
ಬಳಕೆಯೂ ಸಿಕ್ಕಿತ್ತು:
ಗುಮಾಸ್ತರಿಗಿಂತ ಮ್ಯಾನೇಜರುಗಳೇ ಹೆಚ್ಚಿರುವ ಕಚೇರಿ,
ನಾಲ್ಕು ಪುಟದ ಪುಸ್ತಕಕ್ಕೆ ಹತ್ತು ಪುಟದ ಮುನ್ನುಡಿ,
ಮೇಲಟ್ಟಕ್ಕೆ ಮಾತ್ರ ಪಿಂಗಾಣಿ ತುಂಬಿದ ಕಪಾಟು.

ಎದುರು ಕೂತಿದ್ದ ಮುದುಕ, ವಿಲ್ಫ್ ಕ್ಯಾಮ್ಯಾಕ್,
ಎಡಗೈಗೆ ನಾಲ್ಕೇ ಬೆರಳು,
ತಲೆಕೆಳಗಾಗಿಯೇ ಎಲ್ಲ ಓದಿಕೊಂಡ.
"ಹಡಗೆಲ್ಲಿ ಇದರಲ್ಲಿ?" ಎಂದ.

ಆಮೇಲೆ ಹೇಳಿದ, ಬ್ರೆಡ್ಡಿಗೆ ಬೆಣ್ಣೆ ಸವರುತ್ತ:
ಐಸ್‌ಲ್ಯಾಂಡಿನ ಬಡಗಣ ಕಡಲು.
ಸಿಡಿದ ನೀರು ಬೀಳುವ ಮೊದಲೇ ಮಂಜುಗಡ್ಡೆ.
ಬೆರಳಷ್ಟಿದ್ದ ಹಗ್ಗ ತೊಡೆಯಷ್ಟು.
ಮೀನಿಲ್ಲ, ಒಡಲು ಖಾಲಿ;
ನೆತ್ತಿಯ ಮೇಲೆ ಮಾತ್ರ ಒಂದು ಬಿಳಿಯ ಊರು.
ಹಡಗು ಮಗ್ಗುಲಿಗೆ ಹೊರಳುತ್ತದೆ,
ಮರಳಿ ಏಳುವ ಮುನ್ನ
ಯೋಚಿಸುತ್ತದೆ.
"ಆ ಯೋಚನೆ ಇದೆಯಲ್ಲ, ಅದು."

ಅದಕ್ಕೆ ಏನನ್ನುತ್ತಿದ್ದಿರಿ? ಪೆನ್ನು ಹಿಡಿದು ಕೇಳಿದೆ.

"ಕೊಡಲಿ ಅನ್ನುತ್ತಿದ್ದೆವು. ಅಷ್ಟೇ.
ಕೊಡಲಿ! ಅಂದರೆ ಮಲಗಿದವರೂ ಎದ್ದು ಮೇಲೆ.
ಹದಿನೆಂಟು ಗಂಟೆ ಕಡಿದೆವು.
ಒಂದು ಏಟು ನನಗೇ ಬಿತ್ತು.
ನಮ್ಮ ಪಕ್ಕದ ಹಡಗಿನಲ್ಲಿ
ಯಾರೂ ಕೂಗಿದ್ದು ಕೇಳಿಸಲಿಲ್ಲ."

ಬೆಣ್ಣೆ ಬ್ರೆಡ್ಡಿನ ಅಂಚಿನವರೆಗೂ ಬಂದಿತ್ತು.
ಅವನಿನ್ನೂ ಸವರುತ್ತಲೇ ಇದ್ದ.

ಸಂಪಾದಕರು ಒಪ್ಪಲಿಲ್ಲ:
ಕೊಡಲಿ ನಾಮಪದ, ಗುಣವಾಚಕವಲ್ಲ.
ಕಚೇರಿ, ಮುನ್ನುಡಿ, ಕಪಾಟು ಅಚ್ಚಾದವು.
ಆ ಚೀಟಿ ನನ್ನ ಅಂಗಿಯ ಎಡಜೇಬಿನಲ್ಲಿದೆ.
ಒಗೆಯಲು ಹಾಕುವಾಗ ತೆಗೆದಿಡುತ್ತೇನೆ,
ಮತ್ತೆ ಇಟ್ಟುಕೊಳ್ಳುತ್ತೇನೆ.